ಚಂದ್ರನ ನೆಲದ ಮೇಲೆ ಎಲೆಕ್ಟ್ರಾನ್ ಅಳೆಯುವುದು ಹೇಗೆ?

ಜನವರಿ ಚಳಿಯಲ್ಲಿ ರಾತ್ರಿ ಸ್ವೆಟರ್ ತೆಗೆಯುವಾಗ ಚಟಚಟ ಸದ್ದು ಬರುತ್ತದೆ, ಅಲ್ವಾ? ದೀಪ ಆರಿಸಿದ್ದರೆ ಪುಟ್ಟ ಕಿಡಿಯೂ ಕಾಣುತ್ತದೆ. ಅದು ಎಲೆಕ್ಟ್ರಾನ್‌ಗಳ ಆಟ. ಚಂದ್ರನ ಮೇಲೂ ಅವು ಇವೆ. ಬಿಸಿಲು ಬಿದ್ದರೆ ಅಲ್ಲಿನ ಮಣ್ಣಿನಿಂದಲೇ ಎಲೆಕ್ಟ್ರಾನ್‌ಗಳು ಚಿಮ್ಮುತ್ತವೆ. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬರುವ ಸೌರಮಾರುತ ಇನ್ನಷ್ಟು ಕಣಗಳನ್ನು ತರುತ್ತದೆ.

2023ರ ಆಗಸ್ಟ್ 23ರ ಸಂಜೆ ಬೆಂಗಳೂರಿನ ಪೀಣ್ಯದಲ್ಲಿರುವ, ಇಸ್ರೋ ನೌಕೆಗಳನ್ನು ನಿಯಂತ್ರಿಸುವ ಇಸ್ಟ್ರ್ಯಾಕ್ ಕೇಂದ್ರದಲ್ಲಿ ಚಪ್ಪಾಳೆ ಬಿದ್ದದ್ದನ್ನು ಟೀವಿಯಲ್ಲಿ ನೋಡಿದ್ದೇವೆ. ಅಂದು ಚಂದ್ರನ ಮೇಲೆ ಇಳಿದ ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಈ ಕಣಗಳನ್ನು ಅಳೆಯಲು ಒಂದು ಉಪಕರಣ ಒಯ್ದಿತ್ತು. ಹೆಸರು ರಂಭಾ-ಎಲ್‌ಪಿ. ಮಾಡಿದ್ದು ತಿರುವನಂತಪುರದ ವಿಕ್ರಮ್ ಸಾರಾಭಾಯ್ ಕೇಂದ್ರದವರು.

ಮೊದಲು, ನೌಕೆಯಿಂದ ದೂರ ಹೋಗಬೇಕು. ನನಗೆ ಇಡೀ ಕೆಲಸದಲ್ಲಿ ಬಹಳ ಇಷ್ಟವಾಗುವುದು ಇದೇ. ಬಿಸಿಲಿಗೆ ನಿಂತ ಲ್ಯಾಂಡರ್ ಕೂಡ ಎಲೆಕ್ಟ್ರಾನ್ ಚಿಮ್ಮಿಸುತ್ತದೆ. ಪಕ್ಕದಲ್ಲೇ ಅಳೆದರೆ ಸಿಗುವುದು ಚಂದ್ರನ ಲೆಕ್ಕವಲ್ಲ, ನಮ್ಮದೇ ನೌಕೆಯ ಲೆಕ್ಕ. ಹಾಗಾಗಿ 1 ಮೀಟರ್ ಉದ್ದದ ಕೋಲಿನ ತುದಿಗೆ ಲೋಹದ ಗುಂಡು ಕೂರಿಸಿದರು. ಗುಂಡಿನ ಅಗಲ 5 ಸೆಂ.ಮೀ., ಹೆಚ್ಚುಕಡಿಮೆ ಒಂದು ದಪ್ಪ ನಿಂಬೆಹಣ್ಣು. ಇಳಿದ ಮೇಲೆ ಕೋಲು ಹೊರಗೆ ಚಾಚಿಕೊಂಡಿತು.

ಆಮೇಲೆ, ಗುಂಡಿಗೆ ವೋಲ್ಟೇಜ್ ಕೊಡಬೇಕು. ಮೈನಸ್ 12ರಿಂದ ಪ್ಲಸ್ 12 ವೋಲ್ಟ್‌ವರೆಗೆ, ಒಂದೊಂದು ಸಲಕ್ಕೆ 0.1 ವೋಲ್ಟ್ ಏರಿಸುತ್ತಾ. ಮೈನಸ್ ಇದ್ದಾಗ ಗುಂಡು ಎಲೆಕ್ಟ್ರಾನ್‌ಗಳನ್ನು ದೂರ ತಳ್ಳುತ್ತದೆ. ಪ್ಲಸ್ ಕಡೆ ಹೋದಂತೆ ಹತ್ತಿರ ಸೆಳೆಯುತ್ತದೆ. ಈ ಉಪಾಯ ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಅವರದ್ದು. ನೂರು ವರ್ಷದಷ್ಟು ಹಳೆಯದು.

ಪ್ರತಿ ಮೆಟ್ಟಿಲಲ್ಲೂ ಕರೆಂಟ್ ಓದಬೇಕು. ಒಂದು ಓದಿಗೆ ಸಿಗುವುದು 60 ಮಿಲಿಸೆಕೆಂಡ್. ಹಿಡಿಯಬೇಕಾದ ಕರೆಂಟ್ ಪಿಕೋ ಆಂಪಿಯರ್‌ನಷ್ಟು ಸಣ್ಣದಿರಬಹುದು. ಅಂದರೆ 1 ಆಂಪಿಯರ್ ಮೊಬೈಲ್ ಚಾರ್ಜರ್‌ನ ಕರೆಂಟನ್ನು ಲಕ್ಷ ಕೋಟಿ ಪಾಲು ಮಾಡಿ ಒಂದು ಪಾಲು ತೆಗೆದುಕೊಂಡ ಹಾಗೆ!

ಕೊನೆಗೆ ಗ್ರಾಫ್. ಅಡ್ಡಕ್ಕೆ ವೋಲ್ಟೇಜ್, ಉದ್ದಕ್ಕೆ ಕರೆಂಟ್. ಗೆರೆ ಎಷ್ಟು ಕಡಿದಾಗಿ ಏರುತ್ತದೆ ಎಂಬುದರಿಂದ ಎಲೆಕ್ಟ್ರಾನ್‌ಗಳ ತಾಪ ತಿಳಿಯುತ್ತದೆ. ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂಬುದರಿಂದ ಅವುಗಳ ದಟ್ಟಣೆ. ಗುಂಡಿನ ಮೇಲೂ ಬಿಸಿಲು ಬೀಳುತ್ತದಲ್ಲ, ಅದು ಬಿಟ್ಟುಕೊಡುವ ಎಲೆಕ್ಟ್ರಾನ್‌ಗಳ ಲೆಕ್ಕವನ್ನೂ ಮರೆಯುವಂತಿಲ್ಲ.

ಮೊದಲ ಅಂದಾಜಿನಲ್ಲಿ ಘನ ಮೀಟರಿಗೆ 50 ಲಕ್ಷದಿಂದ 3 ಕೋಟಿ ಎಲೆಕ್ಟ್ರಾನ್ ಎಂದು ಇಸ್ರೋ ಹೇಳಿತ್ತು. ದೊಡ್ಡ ಸಂಖ್ಯೆ ಅನಿಸುತ್ತದೆ. ಆದರೆ ಸಕ್ಕರೆ ತುಂಡಿನಷ್ಟು, ಅಂದರೆ ಒಂದು ಘನ ಸೆಂ.ಮೀ. ಜಾಗಕ್ಕೆ ಬರುವುದು 5ರಿಂದ 30 ಮಾತ್ರ. ಕೂಲಂಕಷವಾಗಿ ಲೆಕ್ಕ ಹಾಕಿದ ಮೇಲೆ ಅದೇ ಜಾಗಕ್ಕೆ 380ರಿಂದ 600 ಎಂದು ತಿಳಿಯಿತು. ಮೊದಲಿನದಕ್ಕಿಂತ ತುಂಬಾ ಜಾಸ್ತಿ. ಆದರೂ ನಮ್ಮ ತಲೆ ಮೇಲಿನ ಅಯಾನುಗೋಳದಲ್ಲಿ, ಅಂದರೆ ಭೂಮಿಯ ವಾತಾವರಣದ ಎತ್ತರದ ಪದರದಲ್ಲಿ, ಹಗಲು ಹೊತ್ತು ಅಷ್ಟೇ ಜಾಗಕ್ಕೆ ಲಕ್ಷಗಟ್ಟಲೆ ಇರುತ್ತವೆ. ಚಂದ್ರನ ಮೇಲಿನ ಈ ಎಲೆಕ್ಟ್ರಾನ್‌ಗಳ ತಾಪ 3000ದಿಂದ 8000 ಕೆಲ್ವಿನ್. ಗಾಬರಿ ಬೇಡ, ಇಷ್ಟು ವಿರಳವಾದ ಕಣಗಳಿಂದ ಏನೂ ಸುಡುವುದಿಲ್ಲ.

ಸೆಪ್ಟೆಂಬರ್ 3ರಂದು ವಿಕ್ರಮ್ ಎಂಜಿನ್ ಹಚ್ಚಿ ಸುಮಾರು 40 ಸೆಂ.ಮೀ. ಮೇಲೆ ಜಿಗಿದು, ಅಷ್ಟೇ ದೂರದಲ್ಲಿ ಮತ್ತೆ ಇಳಿಯಿತು. ಮಾರನೇ ದಿನ ಬೆಳಿಗ್ಗೆ 8ರ ಹೊತ್ತಿಗೆ ಅದನ್ನು ನಿದ್ದೆಗೆ ಕಳಿಸಿದರು. ಅದಕ್ಕೂ ಮುಂಚೆ, ಆ ಹೊಸ ಜಾಗದಲ್ಲೂ ರಂಭಾ ಒಮ್ಮೆ ಅಳತೆ ಮಾಡಿತ್ತು.