ಮೊದಲು ಚೀಟಿ, ಆಮೇಲೆ ಸ್ಪ್ರಿಂಟ್: ತಂಡದ ಕೆಲಸದ ರೀತಿ ಬದಲಿಸುವ ಬಗೆ

ನಾನು ಮೈಸೂರಿನಲ್ಲಿ ಒಂದು ಸಾಫ್ಟ್‌ವೇರ್ ತಂಡದ ಲೀಡ್. ಸಹಕಾರ ಸಂಘಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತೇವೆ. ಠೇವಣಿ, ಸಾಲ, ಬಡ್ಡಿ ಲೆಕ್ಕ, ಪಿಗ್ಮಿ, ಎಲ್ಲವೂ ಅದರಲ್ಲಿದೆ. ನಾವು ಒಂಬತ್ತು ಜನ. ಮೊದಲು ವರ್ಷಕ್ಕೊಂದು ದೊಡ್ಡ ರಿಲೀಸ್ ಮಾಡುತ್ತಿದ್ದೆವು. ಈಗ ಎರಡು ವಾರಕ್ಕೊಮ್ಮೆ, ಮಾಡಿದ್ದನ್ನು ಬಳಸುವವರ ಮುಂದೆ ಇಡುತ್ತೇವೆ. ಹೀಗೆ ಸ್ವಲ್ಪ ಸ್ವಲ್ಪವೇ ಮಾಡಿ ತೋರಿಸುವ ಪದ್ಧತಿಗೆ ಅಜೈಲ್ ಅಂತಾರೆ, ಅದರ ಒಂದೊಂದು ಚಿಕ್ಕ ಅವಧಿಗೆ ಸ್ಪ್ರಿಂಟ್ ಅಂತಾರೆ. ನಿಮ್ಮ ತಂಡವೂ ಈ ದಾರಿ ಹಿಡಿಯಬೇಕು ಅಂತಿದ್ದರೆ, ನಾನು ಕಂಡದ್ದು ನಿಮಗೆ ಉಪಯೋಗಕ್ಕೆ ಬರಬಹುದು.

ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ಇದೇ ಬದಲಾವಣೆ ನೆಲಕಚ್ಚಿದ್ದನ್ನು ನೋಡಿದ್ದೇನೆ. ಮೂರು ದಿನ ಟ್ರೈನಿಂಗ್ ಕೊಟ್ಟರು. ಸೋಮವಾರದಿಂದ ಎಲ್ಲರೂ ಅಜೈಲ್ ಅಂದರು. ನಿಂತುಕೊಂಡೇ ಚುಟುಕಾಗಿ ಮುಗಿಸಬೇಕಾದ ಬೆಳಗಿನ ಮೀಟಿಂಗ್, ಅಂದರೆ ಸ್ಟ್ಯಾಂಡಪ್, ನಲವತ್ತೈದು ನಿಮಿಷ ಎಳೆಯುತ್ತಿತ್ತು. ಒಬ್ಬೊಬ್ಬರೂ ಮ್ಯಾನೇಜರ್ ಮುಖ ನೋಡಿಕೊಂಡು ವರದಿ ಒಪ್ಪಿಸುತ್ತಿದ್ದರು. ಕೆಲಸ ಎರಡು ವಾರ ಹಿಂದೆ ಬಿದ್ದಿದ್ದರೂ "ಆಗ್ತಾ ಇದೆ ಸರ್" ಅನ್ನುತ್ತಿದ್ದರು. ನಾನೂ ಹಾಗೇ ಅಂದಿದ್ದೇನೆ. ಕೆಟ್ಟ ಸುದ್ದಿ ಬೇಗ ಹೊರಬರಲಿ ಅಂತಲೇ ಅಲ್ವಾ ಈ ಪದ್ಧತಿ ಇರುವುದು? ಹೇಳಲು ಭಯವಿದ್ದರೆ ಸ್ಪ್ರಿಂಟ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಬರೆದ ಅಜೈಲ್ ಮ್ಯಾನಿಫೆಸ್ಟೋ, ಅಂದರೆ ಈ ಪದ್ಧತಿಯ ಘೋಷಣಾ ಪತ್ರ, ತುಂಬಾ ಚಿಕ್ಕದು. ಅದರಲ್ಲಿರುವ ನಾಲ್ಕು ಮಾತುಗಳಲ್ಲಿ ಮೊದಲನೆಯದೇ ಜನ ಮತ್ತು ಅವರ ನಡುವಿನ ಒಡನಾಟದ ಬಗ್ಗೆ. ಪ್ರಕ್ರಿಯೆ, ಟೂಲ್ ಎಲ್ಲ ಅದರ ನಂತರ. ನಾವು ಮಾತ್ರ ಮೊದಲು ಟೂಲ್‌ಗೆ ಲೈಸೆನ್ಸ್ ಕೊಳ್ಳುತ್ತೇವೆ.

ಹಾಗಾಗಿ ಏನನ್ನೂ ಘೋಷಿಸುವ ಮೊದಲು ಒಬ್ಬೊಬ್ಬರ ಜೊತೆ ಕೂತು ಮಾತಾಡಿ. ಮೀಟಿಂಗ್ ರೂಮ್ ಬೇಡ, ಕ್ಯಾಂಟೀನ್ ಸಾಕು. ಎರಡೇ ಪ್ರಶ್ನೆ ಕೇಳಿ. ಈಗಿನ ರೀತಿಯಲ್ಲಿ ಯಾವುದು ಚೆನ್ನಾಗಿದೆ, ಯಾವುದನ್ನು ಬಿಡಬಾರದು? ಬದಲಾದರೆ ನಿಮಗೆ ಯಾವುದರ ಭಯ?

ನಮ್ಮ ಹಿರಿಯ ಟೆಸ್ಟರ್ ಮೇಡಂ ಎರಡನೇ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಡಲಿಲ್ಲ. ಬ್ಯಾಗಿನಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಏಳು ವರ್ಷದ ಬಗ್‌ಗಳು ಅದರಲ್ಲಿದ್ದವು. ಬಡ್ಡಿ ಲೆಕ್ಕದಲ್ಲಿ ಪೈಸೆ ವ್ಯತ್ಯಾಸ ಬಂದದ್ದಕ್ಕೆಲ್ಲ ಕೆಂಪು ಗೆರೆ. ಅಧಿಕ ವರ್ಷದ ಫೆಬ್ರವರಿಗೆ ಬೇರೆಯೇ ಒಂದು ಪುಟ. "ಎರಡು ವಾರದ ಸ್ಪ್ರಿಂಟ್ ಅಂತೀರಿ. ಎಂಟು ದಿನ ಅವರು ಕೋಡ್ ಬರೀತಾರೆ, ಕೊನೆ ಎರಡು ದಿನ ನನ್ನ ತಲೆ ಮೇಲೆ ಸುರೀತಾರೆ. ಇದನ್ನೆಲ್ಲ ನಾನು ಯಾವಾಗ ನೋಡಲಿ?" ಅಂದರು.

ಅವರ ಭಯ ಸರಿಯಾಗಿತ್ತು. ಎಷ್ಟೋ ತಂಡಗಳಲ್ಲಿ ಹೀಗೇ ಆಗುತ್ತದೆ. ಬದಲಾವಣೆಗೆ ವಿರೋಧ ಅಂತ ನಾವು ಹಣೆಪಟ್ಟಿ ಹಚ್ಚುವ ಮಾತಿನಲ್ಲಿ ಬಹಳ ಸಲ ಕೆಲಸ ಬಲ್ಲವರ ಎಚ್ಚರಿಕೆ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ನಮ್ಮ ತಂಡದಲ್ಲಿ 'ಮುಗಿಯಿತು' ಅಂದರೆ ಏನು ಅನ್ನುವುದನ್ನು ಆ ನೋಟ್‌ಬುಕ್ಕಿನಿಂದಲೇ ಬರೆದೆವು. ಮೇಡಂ ಆರಿಸಿಕೊಟ್ಟ ಹನ್ನೆರಡು ಲೆಕ್ಕಗಳಿಗೆ ಸರಿಯಾದ ಉತ್ತರ ಬಾರದೆ ಬಡ್ಡಿಗೆ ಸಂಬಂಧಿಸಿದ ಯಾವ ಕೆಲಸವೂ ಮುಗಿದಂತಲ್ಲ. ಕೋಡ್ ಬರೆಯುವವರು ಬರೆಯಲು ಕೂರುವ ಮೊದಲೇ ಅವರ ಹತ್ತಿರ ಹೋಗಿ ಆ ಲೆಕ್ಕಗಳನ್ನು ಕೇಳಿಕೊಳ್ಳಬೇಕು. ಇದಾದ ಮೇಲೆ ಮೇಡಂ ನಮ್ಮ ಜೊತೆ ಬಂದರು.

ಮುಂದಿನ ಹೆಜ್ಜೆ ಬೋರ್ಡು. ಆಗಲೇ ಸ್ಪ್ರಿಂಟ್ ಬೇಡ, ಯಾರ ಹುದ್ದೆಯ ಹೆಸರೂ ಬದಲಾಗುವುದು ಬೇಡ. ಈಗ ಹೇಗೆ ನಡೆಯುತ್ತಿದೆಯೋ ಹಾಗೆಯೇ ಗೋಡೆಯ ಮೇಲೆ ತನ್ನಿ. ಒಂದು ಕೆಲಸಕ್ಕೆ ಒಂದು ಚೀಟಿ. ಬಂದ ಕೆಲಸ, ಮಾಡುತ್ತಿರುವುದು, ಟೆಸ್ಟಿಂಗ್‌ಗೆ ಕಾಯುತ್ತಿರುವುದು, ಟೆಸ್ಟಿಂಗ್, ಮುಗಿದದ್ದು: ಇಷ್ಟು ಕಾಲಂ ಸಾಕು. 'ಕಾಯುತ್ತಿರುವುದು' ಅನ್ನುವ ಕಾಲಂ ಮಾತ್ರ ತಪ್ಪಿಸಬೇಡಿ. (ನಮ್ಮಲ್ಲಿ ಫ್ಯಾನ್ ಗಾಳಿಗೆ ಚೀಟಿಗಳು ಉದುರುತ್ತಿದ್ದವು. ಆಯಸ್ಕಾಂತದ ಗುಂಡಿ ತಂದೆವು.)

ಮೊದಲ ದಿನ ಎಣಿಸಿದಾಗ ಏಳು ಚೀಟಿ ಮಾಡುತ್ತಿರುವುದರಲ್ಲಿ, ಎಂಟು ಕಾಯುತ್ತಿರುವುದರಲ್ಲಿ, ಒಂದು ಟೆಸ್ಟಿಂಗ್‌ನಲ್ಲಿ ಇತ್ತು. ಒಟ್ಟು 16. ವಾರಕ್ಕೆ ಮುಗಿಯುತ್ತಿದ್ದದ್ದು ಸರಾಸರಿ 4. ಭಾಗಿಸಿ ನೋಡಿ. ಕೈಗೆತ್ತಿಕೊಂಡ ಕೆಲಸ ಹೊರಬರಲು ಸರಾಸರಿ ನಾಲ್ಕು ವಾರ. ಇದಕ್ಕೆ ಲಿಟಲ್‌ನ ನಿಯಮ ಅಂತ ಹೆಸರು. ಮುಗಿಯುವ ವೇಗ ಅಷ್ಟೇ ಇದ್ದು, ಕೈಯಲ್ಲಿರುವುದು 8ಕ್ಕೆ ಇಳಿದರೆ ಎರಡೇ ವಾರ. ಯಾರೂ ಜಾಸ್ತಿ ಹೊತ್ತು ಕೂರಬೇಕಾಗಿಲ್ಲ.

ಆದ್ದರಿಂದ ಮಿತಿ ಹಾಕಿ. ಟೊಯೊಟಾದಲ್ಲಿ ತೈಚಿ ಓನೊ ಬೆಳೆಸಿದ ಕಾನ್‌ಬಾನ್‌ನ ತಿರುಳು ಇದೇ: ಮುಂದಿನವರಿಗೆ ಬೇಕಾದಷ್ಟೇ ಹಿಂದಿನವರು ಮಾಡಬೇಕು. ನಾವು ಕಾಯುತ್ತಿರುವುದರ ಕಾಲಂಗೆ ಎರಡು ಅಂತ ಬರೆದೆವು. ಎರಡು ತುಂಬಿದರೆ ಹೊಸ ಕೋಡ್ ಬರೆಯುವ ಹಾಗಿಲ್ಲ, ಹೋಗಿ ಟೆಸ್ಟಿಂಗ್‌ಗೆ ಕೈ ಹಾಕಬೇಕು. ಮೊದಲ ವಾರ ಹುಡುಗರಿಗೆ ಇದು ಸಿಟ್ಟು ತರಿಸಿತು. ಒಬ್ಬ ನನ್ನ ಹತ್ತಿರ ಬಂದು "ನಾನು ಸುಮ್ನೆ ಕೂತಿದ್ದೀನಿ ಅಂತ ಕಾಣಲ್ವಾ ಮೇಡಂ?" ಅಂತ ಕೇಳಿದ. ಕಾಣಲಿ ಬಿಡು, ಕೇಳಿದವರಿಗೆ ನಾನು ಹೇಳುತ್ತೇನೆ ಅಂದೆ. ಲೀಡ್ ಆದವರು ಈ ಮಾತನ್ನು ಬಾಯಿಬಿಟ್ಟು ಹೇಳಲೇಬೇಕು. ಇಲ್ಲದಿದ್ದರೆ ಮಿತಿಯನ್ನು ಯಾರೂ ಪಾಲಿಸುವುದಿಲ್ಲ.

ಒಂದೂವರೆ ತಿಂಗಳು ಹೀಗೆ ನಡೆದ ಮೇಲೆ ಸ್ಪ್ರಿಂಟ್‌ಗೆ ಬಂದೆವು. ಸ್ಕ್ರಮ್ ಅನ್ನುವ ಅಜೈಲ್ ವಿಧಾನದ ಕೈಪಿಡಿಯಾದ ಸ್ಕ್ರಮ್ ಗೈಡ್ ಪ್ರಕಾರ ಸ್ಪ್ರಿಂಟ್ ಒಂದು ತಿಂಗಳಿಗಿಂತ ಉದ್ದ ಇರಬಾರದು, ದಿನದ ಸ್ಟ್ಯಾಂಡಪ್‌ಗೆ 15 ನಿಮಿಷ. ನಿನ್ನೆ ಏನು ಮಾಡಿದೆ, ಇವತ್ತು ಏನು, ಅಡ್ಡಿ ಏನು ಅನ್ನುವ ಮೂರು ಪ್ರಶ್ನೆಗಳನ್ನು 2020ರ ಆವೃತ್ತಿಯಲ್ಲಿ ಕೈಬಿಟ್ಟಿದ್ದಾರೆ. ನೀವೂ ಬಿಡಿ. ಬೋರ್ಡಿನ ಬಲಗಡೆಯಿಂದ, ಅಂದರೆ ಮುಗಿಯಲು ಹತ್ತಿರವಿರುವ ಚೀಟಿಯಿಂದ ಶುರು ಮಾಡಿ. ಇದು ಇವತ್ತು ಮುಗಿಯಲು ಏನು ಬೇಕು ಅಂತ ಕೇಳಿ. ನೀವು ಬೋರ್ಡಿನ ಪಕ್ಕ ನಿಲ್ಲಬೇಡಿ, ಎಲ್ಲರ ಹಿಂದೆ ನಿಲ್ಲಿ. ಆಗ ಅವರು ನಿಮ್ಮ ಮುಖ ಬಿಟ್ಟು ಚೀಟಿ ನೋಡುತ್ತಾರೆ.

ಇನ್ನು ಕೆಟ್ಟ ಸುದ್ದಿ. ಒಂದು ದಿನ ನಮ್ಮ ಅತಿ ಕಿರಿಯ ಡೆವಲಪರ್ ತಡವರಿಸಿಕೊಂಡು ಹೇಳಿದ: ನೆಟ್‌ವರ್ಕ್ ವಾಪಸ್ ಬಂದಾಗ ಪಿಗ್ಮಿ ರಸೀದಿ ಕೆಲವು ಸಲ ಎರಡು ಬಾರಿ ದಾಖಲಾಗುತ್ತಿದೆ, ಮೂರು ದಿನದಿಂದ ಗೊತ್ತಿತ್ತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆ ಕ್ಷಣದಲ್ಲಿ "ಮೂರು ದಿನ ಯಾಕೆ ಸುಮ್ಮನಿದ್ದೆ" ಅಂತ ಕೇಳಿದ್ದರೆ ಮುಂದಿನ ಸಲ ಅದು ಮೂವತ್ತು ದಿನ ಆಗುತ್ತಿತ್ತು. "ಹೇಳಿದ್ದು ಒಳ್ಳೇದಾಯ್ತು. ಯಾರು ಇವನ ಜೊತೆ ಕೂರ್ತೀರಿ?" ಅಂದೆ. ಇಬ್ಬರು ಕೂತರು. ಪ್ರತಿ ರಸೀದಿಗೂ ಫೋನಿನಲ್ಲೇ ಒಂದು ಗುರುತಿನ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ತಳ್ಳಿಹಾಕುವ ಹಾಗೆ ಮಾಡಿ ಸಂಜೆಗೆ ಸರಿಪಡಿಸಿದರು.

ಕೆಲಸವನ್ನು ಚಿಕ್ಕದಾಗಿ ಕತ್ತರಿಸುವುದನ್ನು ಜನ ಪಾಠ ಕೇಳಿ ಕಲಿಯುವುದಿಲ್ಲ, ಮಾಡಿಯೇ ಕಲಿಯಬೇಕು. ಪಿಗ್ಮಿ ನಮ್ಮ ಕರಾವಳಿಯ ಬ್ಯಾಂಕೊಂದು 1928ರಲ್ಲಿ ಶುರು ಮಾಡಿದ ಯೋಜನೆ. ಏಜೆಂಟ್ ದಿನಾ ಅಂಗಡಿಗೆ ಬಂದು ಸಣ್ಣ ಮೊತ್ತ ಕಟ್ಟಿಸಿಕೊಳ್ಳುತ್ತಾರೆ. ಹಳೇ ರೀತಿಯಲ್ಲಾಗಿದ್ದರೆ ಅದರ ಆ್ಯಪ್‌ಗೆ ಮೊದಲು ಡೇಟಾಬೇಸ್, ಆಮೇಲೆ ಸರ್ವರ್, ಕೊನೆಗೆ ಸ್ಕ್ರೀನ್ ಮಾಡುತ್ತಿದ್ದೆವು. ಐದು ತಿಂಗಳು ತೋರಿಸಲು ಏನೂ ಇರುತ್ತಿರಲಿಲ್ಲ. ಈ ಸಲ ಮೊದಲ ಚೀಟಿಯಲ್ಲಿ ಇಷ್ಟೇ ಬರೆದೆವು: ಒಬ್ಬ ಏಜೆಂಟ್, ಒಬ್ಬ ಗ್ರಾಹಕ, ಒಂದು ರಸೀದಿ. ಕಮಿಷನ್ ಇಲ್ಲ, ವರದಿ ಇಲ್ಲ, ಲಾಗಿನ್ ಕೂಡ ಇಲ್ಲ.

ಎರಡು ವಾರದ ಕೊನೆಗೆ ಅದನ್ನು ಹಿಡಿದುಕೊಂಡು ಇಬ್ಬರು ಡೆವಲಪರ್‌ಗಳು ಒಬ್ಬ ಏಜೆಂಟರ ಜೊತೆ ಮಾರ್ಕೆಟ್ ಸುತ್ತಿದರು. ಏಜೆಂಟರ ಬಲಗೈಯಲ್ಲಿ ನೋಟು, ಕಂಕುಳಲ್ಲಿ ಚೀಲ. ಫೋನ್ ಎಡಗೈಯಲ್ಲಿ, ಒತ್ತಬೇಕಾದದ್ದು ಎಡಗೈ ಹೆಬ್ಬೆರಳಲ್ಲೇ. ನಾವು 'ಉಳಿಸು' ಬಟನ್ನನ್ನು ಮೇಲೆ ಬಲ ಮೂಲೆಯಲ್ಲಿ ಇಟ್ಟಿದ್ದೆವು. ಪ್ರತಿ ಅಂಗಡಿಯಲ್ಲೂ ಅವರು ನೋಟುಗಳನ್ನು ಹಲ್ಲಲ್ಲಿ ಕಚ್ಚಿಕೊಂಡು ಬಲಗೈ ಬಿಡಿಸಿಕೊಂಡು ಒತ್ತಿದರು. ಬಿಸಿಲಿಗೆ ಬೂದು ಅಕ್ಷರ ಕಾಣುತ್ತಲೂ ಇರಲಿಲ್ಲ. ಹುಡುಗರು ವಾಪಸ್ ಬಂದವರು ನನ್ನನ್ನು ಏನೂ ಕೇಳದೆ ಎರಡು ಹೊಸ ಚೀಟಿ ಬರೆದು ಬೋರ್ಡಿನ ಮೇಲಕ್ಕೆ ಅಂಟಿಸಿದರು. ಅವತ್ತಿನಿಂದ ಎರಡು ವಾರಕ್ಕೊಮ್ಮೆ ಯಾಕೆ ತೋರಿಸಬೇಕು ಅಂತ ತಂಡದಲ್ಲಿ ಯಾರೂ ಕೇಳಿಲ್ಲ. ನಿಮ್ಮ ತಂಡವನ್ನೂ ಹೀಗೆ ಒಂದು ಸಲ ಹೊರಗೆ ಕಳಿಸಿ.

ಸ್ಪ್ರಿಂಟ್ ಮುಗಿದ ಮೇಲೆ ಕೆಲಸ ಹೇಗೆ ನಡೆಯಿತು ಅಂತ ತಂಡ ಕೂತು ಮಾತಾಡುವ ರೆಟ್ರೋ ಬಗ್ಗೆ ಒಂದೇ ಮಾತು. ಇಪ್ಪತ್ತು ದೂರು ಬರುತ್ತವೆ, ಬರಲಿ. ಸರಿಪಡಿಸಲು ಒಂದನ್ನೇ ಆರಿಸಿ, ಅದನ್ನೂ ಚೀಟಿ ಮಾಡಿ, ಯಾರು ಮಾಡುತ್ತಾರೆ ಅಂತ ಬರೆದು ಬೋರ್ಡಿಗೆ ಹಾಕಿ.

ಬದಲಾವಣೆಯಲ್ಲಿ ಜಾಸ್ತಿ ಕಳೆದುಕೊಳ್ಳುವವರು ನಡುವಿನ ಮ್ಯಾನೇಜರ್‌ಗಳು. ಯಾರಿಗೆ ಯಾವ ಕೆಲಸ ಅಂತ ಹಂಚುತ್ತಿದ್ದದ್ದೇ ಅವರ ಹಿಡಿತ. ತಂಡವೇ ಚೀಟಿ ಎತ್ತಿಕೊಳ್ಳಲು ಶುರುವಾದಾಗ ಅವರಿಗೆ ಕಾಲ ಕೆಳಗಿನ ನೆಲ ಸರಿದಂತಾಗುತ್ತದೆ. ಅವರಿಗೆ ನಿಜವಾದ ಕೆಲಸ ಕೊಡಿ. ನಮ್ಮ ಮ್ಯಾನೇಜರ್ ಸರ್‌ಗೆ ಸಂಘಗಳ ಕಾರ್ಯದರ್ಶಿಗಳ ಜೊತೆ ಇಪ್ಪತ್ತು ವರ್ಷದ ಪರಿಚಯ. ಯಾವ ಸಂಘದಲ್ಲಿ ಮೊದಲು ಪ್ರಯೋಗ ಮಾಡಬೇಕು, ಯಾರಿಂದ ಒಪ್ಪಿಗೆ ಬೇಕು ಅನ್ನುವುದನ್ನು ಅವರೇ ನೋಡಿಕೊಂಡರು. ಅವರಿಲ್ಲದೆ ಹುಡುಗರು ಆ ಮಾರ್ಕೆಟ್‌ಗೆ ಕಾಲಿಡಲು ಆಗುತ್ತಿರಲಿಲ್ಲ.

ಮೇಲಿನವರು ದಿನಾಂಕ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಒಂದೇ ದಿನಾಂಕ ಕೊಡಬೇಡಿ. ವಾರಕ್ಕೆ ಎಷ್ಟು ಚೀಟಿ ಮುಗಿಯುತ್ತಿದೆ ಅನ್ನುವುದರ ಮೇಲೆ "ಜುಲೈ ಕೊನೆಯಿಂದ ಆಗಸ್ಟ್ ಮಧ್ಯದೊಳಗೆ" ಅಂತ ಹೇಳಿ, ಎರಡು ವಾರಕ್ಕೊಮ್ಮೆ ತಿದ್ದಿ. ಪಾಯಿಂಟ್‌ಗಳನ್ನು (ಒಂದು ಚೀಟಿಯ ಕೆಲಸ ಎಷ್ಟು ದೊಡ್ಡದು ಅಂತ ತಂಡ ಕೊಡುವ ಅಂದಾಜು ಅಂಕಗಳನ್ನು) ಅಪ್ರೈಸಲ್‌ಗೆ ಬಳಸಲು ಮಾತ್ರ ಒಪ್ಪಬೇಡಿ. ಬಳಸಿದ ತಕ್ಷಣ ಎಲ್ಲರ ಚೀಟಿಯೂ ದಪ್ಪವಾಗುತ್ತದೆ.

ಯಾವಾಗ ಶುರು ಮಾಡಬೇಕು ಅನ್ನುವುದೂ ಮುಖ್ಯ. ಮಾರ್ಚ್ 31ಕ್ಕೆ ನಮ್ಮ ಗ್ರಾಹಕರ ಲೆಕ್ಕ ಮುಗಿಯಬೇಕು. ಆ ತಿಂಗಳು ಯಾವ ಹೊಸ ರೀತಿಯೂ ಬೇಡ. ಯುಗಾದಿ ಕಳೆದು, ಸಂಘಗಳಿಂದ ಬರುವ ಫೋನ್ ಕಡಿಮೆಯಾದ ಮೇಲೆ, ಏಪ್ರಿಲ್ ಮೂರನೇ ವಾರದ ಒಂದು ಬುಧವಾರ ನಾವು ಮೊದಲ ಚೀಟಿ ಬರೆದೆವು. ನಿಮ್ಮ ಕಚೇರಿಯಲ್ಲಿ ಅಂಥ ಬಿಡುವು ಯಾವಾಗ ಬರುತ್ತದೆ ಅಂತ ಕ್ಯಾಲೆಂಡರ್ ನೋಡಿ. ಅದಕ್ಕೆ ಎರಡು ವಾರ ಮೊದಲೇ ಕ್ಯಾಂಟೀನ್ ಮಾತುಕತೆ ಶುರು ಮಾಡಿ.