ಕಾಲೇಜು ಪ್ರಾಜೆಕ್ಟ್‌ಗೆ ಸಂಶೋಧನಾ ಲೇಖನ ಹುಡುಕುವ ಬಗೆ

ಎಲ್ಲಿ ಹುಡುಕುತ್ತೀರಿ ಎನ್ನುವುದಕ್ಕಿಂತ ಯಾವ ಪದ ಹಾಕುತ್ತೀರಿ ಎನ್ನುವುದೇ ಮುಖ್ಯ. ತುಮಕೂರು ಜಿಲ್ಲೆಯ ರಾಗಿ ಬೆಳೆಯ ಬಗ್ಗೆ ಪ್ರಾಜೆಕ್ಟ್ ಎಂದುಕೊಳ್ಳಿ. ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಇಂಗ್ಲಿಷಿನಲ್ಲಿ ‘ರಾಗಿ’ ಎಂದಷ್ಟೇ ಹಾಕಿದರೆ ಎಷ್ಟೋ ಒಳ್ಳೆಯ ಲೇಖನಗಳು ಕೈತಪ್ಪುತ್ತವೆ. ಕೃಷಿ ವಿಜ್ಞಾನಿಗಳು ಅದನ್ನು ‘ಫಿಂಗರ್ ಮಿಲೆಟ್’ ಎಂದೋ ‘ಎಲ್ಯುಸಿನ್ ಕೊರಕಾನ’ ಎಂದೋ ಬರೆಯುತ್ತಾರೆ. ಊರಿನ ಹೆಸರಿನದೂ ಇದೇ ಕಥೆ. 2014ರ ನವೆಂಬರ್ 1ಕ್ಕೆ ಮೊದಲಿನ ಲೇಖನಗಳಲ್ಲಿ ‘ತುಮ್ಕೂರ್’, ‘ಗುಲ್ಬರ್ಗಾ’, ‘ಬಿಜಾಪುರ್’ ಎಂಬ ಹಳೆಯ ರೂಪಗಳೇ ಇವೆ. ಹಳೆಯ, ಹೊಸ ರೂಪಗಳ ನಡುವೆ ಇಂಗ್ಲಿಷಿನ ‘ಆರ್’ (OR) ಪದವನ್ನು ದೊಡ್ಡಕ್ಷರದಲ್ಲಿ ಹಾಕಿದರೆ ಎರಡೂ ಬರುತ್ತವೆ. ಎರಡು ಪದದ ಹೆಸರನ್ನು ಡಬಲ್ ಕೋಟ್ ಒಳಗಿಡಿ, ಇಲ್ಲದಿದ್ದರೆ ಪದಗಳು ಚದುರಿ ಸಂಬಂಧವಿಲ್ಲದ್ದೆಲ್ಲ ಬಂದು ಸುರಿಯುತ್ತದೆ.

ಒಂದು ಒಳ್ಳೆಯ ಲೇಖನ ಸಿಕ್ಕಿತೋ, ಮತ್ತೆ ಮೊದಲಿಂದ ಹುಡುಕಬೇಡಿ. ಅದರ ಕೆಳಗಿನ ‘ಸೈಟೆಡ್ ಬೈ’ ಒತ್ತಿ. ಅದನ್ನು ಉಲ್ಲೇಖಿಸಿದ ನಂತರದ ಲೇಖನಗಳು ತೆರೆದುಕೊಳ್ಳುತ್ತವೆ. ಮೇಲೆ ಕಾಣುವ ‘ಸರ್ಚ್ ವಿಥಿನ್ ಸೈಟಿಂಗ್ ಆರ್ಟಿಕಲ್ಸ್’ ಚೌಕಕ್ಕೆ ಟಿಕ್ ಹಾಕಿ ‘ಕರ್ನಾಟಕ’ ಎಂದು ಹುಡುಕಿದರೆ ನೂರಾರು ಲೇಖನಗಳ ಪಟ್ಟಿಯೂ ಓದಿ ಮುಗಿಸುವಷ್ಟಕ್ಕೆ ಇಳಿಯುತ್ತದೆ. ಅದಕ್ಕಿಂತ ಹಳೆಯ ಲೇಖನಗಳಿಗೆ ಆ ಲೇಖನದ ಕೊನೆಯ ಆಕರ ಪಟ್ಟಿ ನೋಡಿ.

ಪ್ರಕಾಶಕರ ಪುಟ ದುಡ್ಡು ಕೇಳಿದರೆ ಕೊಡಬೇಡಿ. ಸ್ಕಾಲರ್‌ನಲ್ಲೇ ‘ಆಲ್ ವರ್ಷನ್ಸ್’ ತೆರೆದರೆ ಲೇಖಕರು ಬೇರೆಡೆ ಹಾಕಿದ ಉಚಿತ ಪ್ರತಿ ಎಷ್ಟೋ ಸಲ ಸಿಗುತ್ತದೆ. ಬ್ರೌಸರ್‌ಗೆ ‘ಅನ್‌ಪೇವಾಲ್’ ಎಂಬ ಎಕ್ಸ್‌ಟೆನ್ಷನ್ ಸೇರಿಸಿಕೊಂಡರೆ ಉಚಿತ ಪ್ರತಿಯನ್ನು ಅದೇ ಹುಡುಕಿಕೊಡುತ್ತದೆ. ಸರ್ಕಾರಿ ಕಾಲೇಜಿನವರು ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಗ್ಗೆ ಗ್ರಂಥಪಾಲಕರನ್ನು ಕೇಳಲೇಬೇಕು. 2025ರಿಂದ ಜಾರಿಯಲ್ಲಿರುವ ಈ ಕೇಂದ್ರ ಸರ್ಕಾರದ ಯೋಜನೆಯಲ್ಲಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳನ್ನು ಉಚಿತವಾಗಿ ಓದಬಹುದು.

ಪಿಎಚ್‌ಡಿ ಪ್ರಬಂಧಗಳಿಗೆ ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನಿಡುವ ಶೋಧಗಂಗಾ ಜಾಲತಾಣ ನೋಡಿ. ಅಲ್ಲಿ ಪ್ರಬಂಧ ಸಾಮಾನ್ಯವಾಗಿ ಅಧ್ಯಾಯವಾರು ಪಿಡಿಎಫ್‌ಗಳಾಗಿರುತ್ತದೆ. ಪೂರ್ತಿ ಇಳಿಸಿಕೊಳ್ಳುವ ಬದಲು ಸಾಹಿತ್ಯ ಸಮೀಕ್ಷೆ (ಹಿಂದಿನ ಸಂಶೋಧನೆಗಳ ಅವಲೋಕನ) ಮತ್ತು ಗ್ರಂಥಸೂಚಿಯನ್ನು ಮೊದಲು ತೆರೆಯಿರಿ, ನಿಮ್ಮ ಅರ್ಧ ಕೆಲಸ ಅಲ್ಲೇ ಆಗಿರುತ್ತದೆ. ಕನ್ನಡ ಪ್ರಬಂಧಗಳನ್ನು ಕನ್ನಡ ಲಿಪಿ, ಇಂಗ್ಲಿಷ್ ಲಿಪಿ ಎರಡರಲ್ಲೂ ಹುಡುಕಿ.

ಸ್ಕಾಲರ್‌ನಲ್ಲಿ ಬಂದದ್ದೆಲ್ಲ ತಜ್ಞರು ಪರಿಶೀಲಿಸಿದ್ದಲ್ಲ. ದುಡ್ಡು ಕಟ್ಟಿದರೆ ಎರಡು ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಯ ಲೇಖನವನ್ನು ಆಧಾರವಾಗಿ ಇಟ್ಟುಕೊಳ್ಳಬೇಡಿ. ಸ್ಕಾಲರ್‌ನ ‘ಸೈಟ್’ (Cite) ಗುಂಡಿ ಕೊಡುವ ಉಲ್ಲೇಖವನ್ನೂ ಮೂಲದ ಜೊತೆ ತಾಳೆ ನೋಡಿ. ನಮ್ಮ ಕಡೆಯ ಹೆಸರುಗಳಲ್ಲಿ ಇನಿಷಿಯಲ್ ಮತ್ತು ಹೆಸರು ಅದಲುಬದಲಾಗುವುದುಂಟು. ಎಐ ಚಾಟ್‌ಬಾಟ್ ಕೊಟ್ಟ ಉಲ್ಲೇಖವಾದರೆ ಅದರ ಡಿಓಐ ಸಂಖ್ಯೆಯನ್ನು (ಲೇಖನದ ಗುರುತಿನ ಸಂಖ್ಯೆ) ಡಿಓಐ ಡಾಟ್ ಆರ್ಗ್‌ನಲ್ಲಿ ಹಾಕಿ. ಬೇರೆ ಲೇಖನ ತೆರೆದರೆ, ಅಥವಾ ಏನೂ ತೆರೆಯದಿದ್ದರೆ, ಶೀರ್ಷಿಕೆಯನ್ನು ಕೋಟ್ ಒಳಗೆ ಹಾಕಿ ಸ್ಕಾಲರ್‌ನಲ್ಲಿ ಹುಡುಕಿ. ಅಲ್ಲೂ ಸಿಗದಿದ್ದರೆ ಪಟ್ಟಿಯಿಂದ ತೆಗೆಯಿರಿ.