ಕ್ವೀನ್ಸ್ ಪಾರ್ಕ್‌ನಿಂದ ಸ್ಕಾಟ್ಲೆಂಡ್‌ಗೆ ಆಡಿದವರು: ನಾನು ಪಟ್ಟಿ ಮಾಡಿದ ಬಗೆ

ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ಫುಟ್‌ಬಾಲ್ ಕ್ಲಬ್ಬಿನಿಂದ ಸ್ಕಾಟ್ಲೆಂಡ್ ತಂಡಕ್ಕೆ ಆಡಿದವರ ಪಟ್ಟಿ ಮಾಡಬೇಕು ಅಂದರೆ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಬೇಕು. ಯಾರನ್ನು ಈ ಕ್ಲಬ್ಬಿನವರು ಅನ್ನೋಣ? ಇಲ್ಲಿ ಆಡುತ್ತಿದ್ದಾಗಲೇ ದೇಶದ ಪರ ಆಡಿದವರ ಬಗ್ಗೆ ತಕರಾರಿಲ್ಲ. ಇಲ್ಲಿ ಆಟ ಕಲಿತು, ಬೇರೆ ಕ್ಲಬ್ಬಿಗೆ ಹೋಗಿ, ಆಮೇಲೆ ದೇಶಕ್ಕೆ ಆಡಿದವರನ್ನು ಏನು ಮಾಡುವುದು?

ನಾನು ಇಬ್ಬರನ್ನೂ ಸೇರಿಸಿದೆ, ಆದರೆ ಬೇರೆ ಬೇರೆ ಪುಟಗಳಲ್ಲಿ. ಹೀಗೆ ಮಾಡಿದ್ದರಿಂದಲೇ ಕ್ಲಬ್ಬಿನ ಇಡೀ ಚರಿತ್ರೆ ಕಣ್ಣಿಗೆ ಕಂಡಿತು. ಮೊದಲ ಪುಟದಲ್ಲಿ 1870, 1880ರ ದಶಕದ ಹೆಸರುಗಳು ಒತ್ತೊತ್ತಾಗಿವೆ, ಆಮೇಲೆ ತೆಳುವಾಗುತ್ತಾ ಹೋಗಿ 1933ಕ್ಕೆ ನಿಂತುಬಿಡುತ್ತವೆ. ಕಾರಣ ಸಂಬಳ. ಸ್ಕಾಟ್ಲೆಂಡಿನಲ್ಲಿ ಆಟಗಾರರಿಗೆ ದುಡ್ಡು ಕೊಡುವುದಕ್ಕೆ 1893ರಲ್ಲಿ ಒಪ್ಪಿಗೆ ಸಿಕ್ಕಿತು. ಕ್ವೀನ್ಸ್ ಪಾರ್ಕ್ ಮಾತ್ರ, ನಾವು ಆಟದ ಖುಷಿಗೆ ಆಡುವವರು ಅಂತ 2019ರಲ್ಲಿ ಸದಸ್ಯರು ಮತ ಹಾಕಿ ಬದಲಾಯಿಸುವವರೆಗೂ ಸಂಬಳ ಕೊಡಲಿಲ್ಲ. ಅವರು ಸ್ಕಾಟಿಷ್ ಕಪ್ ಗೆದ್ದದ್ದು ಹತ್ತು ಸಲ, ಕೊನೆಯದು ಅದೇ 1893ರಲ್ಲಿ. ಒಳ್ಳೆಯ ಹುಡುಗರು ಇಲ್ಲಿ ಪಳಗಿ ಬೇರೆ ಕಡೆ ಹೋಗತೊಡಗಿದರು. ಅವರ ಹೆಸರುಗಳೇ ಎರಡನೇ ಪುಟ.

ಕೆಲವರು ನನ್ನನ್ನು ಕೇಳುತ್ತಾರೆ, ಬೆಂಗಳೂರಿನವರಿಗೆ ಸ್ಕಾಟ್ಲೆಂಡಿನ ಹಳೇ ಆಟಗಾರರ ಉಸಾಬರಿ ಯಾಕೆ ಅಂತ. ನಾನು ಹಲಸೂರಿನ ಗೌತಮಪುರದ ಕಡೆಯವನು. ನಮ್ಮಲ್ಲಿ ಬೀದಿಯಲ್ಲೇ ಪೆಲೆ ಪ್ರತಿಮೆ ಇದೆ, ಸಂಜೆ ಆದರೆ ಹುಡುಗರು ಮೈದಾನದಲ್ಲಿ ಇರುತ್ತಾರೆ. ಫುಟ್‌ಬಾಲ್ ಆಡಿದ ಹಿರಿಯರನ್ನು ಮರೆಯಬಾರದು ಅನ್ನುವುದು ನನಗೆ ಅಲ್ಲಿಂದಲೇ ಬಂದದ್ದು. ಕೆಲಸದ ಮೇಲೆ ಗ್ಲಾಸ್ಗೋಗೆ ಬಂದು ಊರಿನ ದಕ್ಷಿಣ ಭಾಗದಲ್ಲಿ ಮನೆ ಮಾಡಿದೆ. ಸ್ಕಾಟ್ಲೆಂಡ್ ತಂಡ ಆಡುವ ಹ್ಯಾಂಪ್ಡನ್ ಮೈದಾನ ನಡೆದು ಹೋಗುವ ದೂರ.

ಮೊದಲ ಪುಟದ ಮೊದಲ ಸಾಲುಗಳು ಸುಲಭ. 1872ರ ನವೆಂಬರ್ 30ರಂದು ಪಾರ್ಟಿಕ್‌ನ ಹ್ಯಾಮಿಲ್ಟನ್ ಕ್ರೆಸೆಂಟ್ ಕ್ರಿಕೆಟ್ ಮೈದಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ಜಗತ್ತಿನ ಮೊದಲ ಅಧಿಕೃತ ಅಂತಾರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ನಡೆಯಿತು. ಸ್ಕಾಟ್ಲೆಂಡಿನ ಹನ್ನೊಂದು ಜನರೂ ಕ್ವೀನ್ಸ್ ಪಾರ್ಕ್‌ನವರು. ತಂಡ ಆರಿಸಿದವರು ನಾಯಕ ಮತ್ತು ಗೋಲ್‌ಕೀಪರ್ ರಾಬರ್ಟ್ ಗಾರ್ಡನರ್. ಹಾಕಿಕೊಂಡದ್ದು ಕ್ಲಬ್ಬಿನದೇ ಕಡು ನೀಲಿ ಅಂಗಿ. ಮರುವರ್ಷ ಕ್ಲಬ್ಬು ಕಪ್ಪು ಬಿಳುಪು ಪಟ್ಟೆಗೆ ಬದಲಾಯಿತು, ನೀಲಿ ದೇಶದ ಪಾಲಾಯಿತು. ಆಗ ಗೋಲಿನ ಮೇಲೆ ಅಡ್ಡಕಂಬ ಇರಲಿಲ್ಲ, ಒಂದು ಟೇಪು ಕಟ್ಟುತ್ತಿದ್ದರು. ರಾಬರ್ಟ್ ಲೆಕ್ಕಿ ಒದ್ದ ಚೆಂಡು ಆ ಟೇಪಿನ ಮೇಲೆ ಬಿದ್ದು ಹೊರಗೆ ಹೋಯಿತು. ಪಂದ್ಯ 0-0.

ಹೆಸರು ಸಿಕ್ಕಿದ ಮೇಲೆ ನಿಜವಾದ ಕೆಲಸ ಶುರುವಾಗುತ್ತದೆ. ಆ ಕಾಲದ ಪತ್ರಿಕೆಗಳಲ್ಲಿ ಇನಿಷಿಯಲ್ ಮತ್ತು ಮನೆತನದ ಹೆಸರು ಅಷ್ಟೇ. ಮೊದಲ ಪಂದ್ಯದಲ್ಲೇ ಇಬ್ಬರು ಸ್ಮಿತ್ ಇದ್ದಾರೆ, ಅಣ್ಣ ತಮ್ಮಂದಿರು. ಸ್ಕಾಟ್ಲೆಂಡಿನಲ್ಲಿ ಸ್ಮಿತ್, ಕ್ಯಾಂಪ್‌ಬೆಲ್ ಅಂದರೆ ನಮ್ಮಲ್ಲಿ ಮಂಜುನಾಥ ಅಂತ ಹುಡುಕಿದ ಹಾಗೆ. ಹಾಗಾಗಿ ನಾನು ಮೊದಲು ಮಿಚೆಲ್ ಲೈಬ್ರರಿಗೆ ಹೋಗಿ ಹಳೇ ಪತ್ರಿಕೆಗಳಲ್ಲಿ ಪಂದ್ಯದ ವರದಿ ಓದುತ್ತೇನೆ, ಆಮೇಲೆ ಸ್ಕಾಟ್‌ಲ್ಯಾಂಡ್ಸ್ ಪೀಪಲ್ ಅನ್ನುವ ಸರ್ಕಾರಿ ದಾಖಲೆಗಳ ತಾಣಕ್ಕೆ ಬರುತ್ತೇನೆ. 1855ರಿಂದ ಸ್ಕಾಟ್ಲೆಂಡಿನ ಮರಣ ದಾಖಲೆಯಲ್ಲಿ ಸತ್ತವರ ಅಪ್ಪನ ಹೆಸರು, ಅಪ್ಪನ ಕೆಲಸ, ಅಮ್ಮನ ತವರಿನ ಹೆಸರು ಎಲ್ಲವನ್ನೂ ಬರೆದಿರುತ್ತಾರೆ. ಇದು ಎಷ್ಟು ದೊಡ್ಡ ಉಪಕಾರ ಅಂತ ಹುಡುಕಿದವರಿಗೇ ಗೊತ್ತು. ಒಂದೇ ಹೆಸರಿನ ನಾಲ್ಕು ಜನ ಸಿಕ್ಕರೂ ಅಮ್ಮನ ತವರಿನ ಹೆಸರು ನೋಡಿ, ಜನಗಣತಿಯ ಪುಟಕ್ಕೆ ಹೊಂದಿಸಿ, ಇವರೇ ಅವರು ಅಂತ ಹೇಳಬಹುದು. ಇಂಗ್ಲೆಂಡಿನ ಮರಣ ದಾಖಲೆಯಲ್ಲಿ ದೊಡ್ಡವರು ಸತ್ತರೆ ಅಪ್ಪ ಅಮ್ಮನ ಹೆಸರು ಬರೆಯುತ್ತಿರಲಿಲ್ಲ. ಆದ್ದರಿಂದ ಗಡಿ ದಾಟಿ ಹೋದ ಆಟಗಾರ ಕೈತಪ್ಪಿ ಹೋಗುತ್ತಾನೆ.

ಆಂಡ್ರೂ ವಾಟ್ಸನ್ ವಿಷಯದಲ್ಲಿ ಆದದ್ದೂ ಇಂಥದ್ದೇ. ಅವರು ಹುಟ್ಟಿದ್ದು 1856ರಲ್ಲಿ, ಆಗಿನ ಬ್ರಿಟಿಷ್ ಗಯಾನಾದ ಡೆಮೆರಾರಾದಲ್ಲಿ. ಅಪ್ಪ ಪೀಟರ್ ಮಿಲ್ಲರ್ ವಾಟ್ಸನ್, ಸಕ್ಕರೆ ತೋಟಗಳ ವ್ಯವಹಾರದಲ್ಲಿದ್ದ ಸ್ಕಾಟ್ಲೆಂಡಿನವರು. ಅಮ್ಮ ಹ್ಯಾನಾ ರೋಸ್, ಅಲ್ಲಿಯ ಕಪ್ಪು ಹೆಣ್ಣುಮಗಳು. ಇಂಗ್ಲೆಂಡಿನಲ್ಲಿ ಓದಿ, ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಬಂದು, ಪಾರ್ಕ್‌ಗ್ರೋವ್ ಅನ್ನುವ ಕ್ಲಬ್ಬಿಗೆ ಆಡಿ, 1880ರಲ್ಲಿ ಕ್ವೀನ್ಸ್ ಪಾರ್ಕ್ ಸೇರಿದರು. 1881ರ ಮಾರ್ಚ್ 12ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಸ್ಕಾಟ್ಲೆಂಡಿನ ನಾಯಕರಾಗಿ ಇಳಿದರು. ಸ್ಕಾಟ್ಲೆಂಡ್ 6, ಇಂಗ್ಲೆಂಡ್ 1. ತನ್ನ ನೆಲದಲ್ಲಿ ಇಂಗ್ಲೆಂಡ್ ಇದಕ್ಕಿಂತ ಹೀನಾಯವಾಗಿ ಇವತ್ತಿನವರೆಗೂ ಸೋತಿಲ್ಲ. ಎರಡು ದಿನ ಬಿಟ್ಟು ವೇಲ್ಸ್ ಮೇಲೆ 5-1, ಮರುವರ್ಷ ಮತ್ತೆ ಇಂಗ್ಲೆಂಡ್ ಮೇಲೆ 5-1. ಮೂರು ಪಂದ್ಯ, ಮೂರೂ ಗೆಲುವು. ಆಮೇಲೆ ಅವರು ಕೆಲಸ ಹುಡುಕಿಕೊಂಡು ಇಂಗ್ಲೆಂಡಿಗೆ ಹೋದರು, ಹಾಗಾಗಿ ಇನ್ನು ಆರಿಸಲಿಲ್ಲ. ಆ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ ಆಡುವವರನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು.

ಹಲವು ವರ್ಷ ಅವರು ಆಸ್ಟ್ರೇಲಿಯಾಕ್ಕೆ ಹೋಗಿ ಸಿಡ್ನಿಯಲ್ಲಿ ತೀರಿಕೊಂಡರು ಅಂತಲೇ ಬರೆಯುತ್ತಿದ್ದರು. ಅದು ಸುಳ್ಳು. ಹಡಗಿನ ಎಂಜಿನಿಯರ್ ಆಗಿ ದುಡಿದು, 1921ರಲ್ಲಿ ಲಂಡನ್ನಿನ ಕ್ಯೂ ಪ್ರದೇಶದಲ್ಲಿ ತೀರಿಕೊಂಡರು. ಸಮಾಧಿ ರಿಚ್ಮಂಡ್ ಸ್ಮಶಾನದಲ್ಲಿದೆ. ನಾನು ಅಲ್ಲಿಗೆ ಹೋಗಿ ನೋಡಿದ್ದೇನೆ.

ವಾಟ್ಸನ್ ಬಗ್ಗೆ ಹೇಳುವಾಗ ಜನ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಮೊದಲ ಕಪ್ಪು ಅಂತಾರಾಷ್ಟ್ರೀಯ ಆಟಗಾರ. ಅದು ನಿಜ, ಹೇಳಲೇಬೇಕು. ಆದರೆ ಅಲ್ಲಿಗೇ ನಿಲ್ಲಿಸಿದರೆ ಅವರಿಗೆ ಅನ್ಯಾಯ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅವರು ಒಳ್ಳೆಯ ಬ್ಯಾಕ್, ನಾಯಕ, ಕ್ಲಬ್ಬಿನ ಕಾರ್ಯದರ್ಶಿ, ಸ್ಕಾಟಿಷ್ ಕಪ್ ಗೆದ್ದವರು. ಅವರನ್ನು ಓದಿಸಿದ ದುಡ್ಡು ಎಲ್ಲಿಂದ ಬಂತು ಅನ್ನುವುದನ್ನೂ ನಾನು ಪಟ್ಟಿಯಲ್ಲಿ ಬರೆದಿದ್ದೇನೆ. ಗ್ಲಾಸ್ಗೋ ಊರು ಶ್ರೀಮಂತವಾದದ್ದರಲ್ಲಿ ಗುಲಾಮರನ್ನು ದುಡಿಸಿದ ಸಕ್ಕರೆ ತೋಟಗಳ ಪಾಲು ದೊಡ್ಡದು. ಈ ಮನೆತನ ಅದರಿಂದ ಹೊರತಲ್ಲ.

ಈಗ ಕ್ಯಾಪ್ ಲೆಕ್ಕದ ವಿಚಾರ. ದೇಶದ ಪರ ಆಡಿದ ಒಂದೊಂದು ಪಂದ್ಯಕ್ಕೆ ಒಂದೊಂದು ಕ್ಯಾಪ್. ಸ್ಕಾಟ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಗೌರವ ಪಟ್ಟಿಗೆ ಸೇರಬೇಕಾದರೆ 50 ಕ್ಯಾಪ್ ಇರಬೇಕು. ನನ್ನ ಮೊದಲ ಪುಟದಲ್ಲಿ ಆ ಲೆಕ್ಕಕ್ಕೆ ಹತ್ತಿರ ಬರುವವರು ಒಬ್ಬರೂ ಇಲ್ಲ. ಚಾರ್ಲ್ಸ್ ಕ್ಯಾಂಪ್‌ಬೆಲ್ ಆಡಿದ್ದು 13 ಪಂದ್ಯ. ಕಡಿಮೆ ಅನ್ನಿಸುತ್ತದೆ ಅಲ್ವಾ? ಅವರು ಮೊದಲು ಆಡಿದ್ದು 1874ರಲ್ಲಿ, ಕೊನೆಗೆ 1886ರಲ್ಲಿ. ಶುರುವಿನಲ್ಲಿ ವರ್ಷಕ್ಕೆ ಒಂದೇ ಪಂದ್ಯ, ಇಂಗ್ಲೆಂಡ್ ಜತೆ. 1876ರಲ್ಲಿ ವೇಲ್ಸ್ ಸೇರಿತು, 1884ರಲ್ಲಿ ಐರ್ಲೆಂಡ್. ಅಂದರೆ ವರ್ಷಕ್ಕೆ ಮೂರು, ಅಷ್ಟೇ. ವಾಲ್ಟರ್ ಆರ್ನಾಟ್ 14 ಕ್ಯಾಪ್ ಗಳಿಸಲು 1883ರಿಂದ 1893ರವರೆಗೆ ಆಡಬೇಕಾಯಿತು. ಆದ್ದರಿಂದ ನಾನು ಕ್ಯಾಪ್ ಪ್ರಕಾರ ಮೇಲೆ ಕೆಳಗೆ ಜೋಡಿಸುವುದನ್ನು ಬಿಟ್ಟು, ಪ್ರತಿಯೊಬ್ಬರ ಮುಂದೆ ಅವರು ಆಡುತ್ತಿದ್ದ ವರ್ಷಗಳಲ್ಲಿ ದೇಶ ಒಟ್ಟು ಎಷ್ಟು ಪಂದ್ಯ ಆಡಿತು ಅನ್ನುವುದನ್ನೂ ಬರೆದೆ. ಒಂದೇ ಒಂದು ಪಂದ್ಯ ಆಡಿದವರಿಗೂ ಅಷ್ಟೇ ಜಾಗ. ಈ ಕೆಲಸ ಮಾಡುವವರಿಗೆ ನಾನು ಕೊಡುವ ಸಲಹೆ ಇದೊಂದೇ. ಒಂದು ಕ್ಯಾಪ್‌ನವರ ಮೇಲೆ ಜಾಸ್ತಿ ಸಮಯ ಹಾಕಿ, ಅವರ ಬಗ್ಗೆ ಬೇರೆ ಯಾರೂ ಬರೆಯುವುದಿಲ್ಲ.

ಆರ್.ಎಸ್. ಮೆಕಾಲ್ ಅವರದ್ದು ಬೇರೆ ರೀತಿ. 13 ಪಂದ್ಯಕ್ಕೆ 13 ಗೋಲು, ಅದರಲ್ಲಿ 1900ರಲ್ಲಿ ಇಂಗ್ಲೆಂಡ್ ಮೇಲೆ ಹೊಡೆದ ಹ್ಯಾಟ್ರಿಕ್ ಕೂಡ ಇದೆ. 1901ರಲ್ಲಿ ಸೋದರ ಟಾಮ್ ಜತೆ ಮಿಠಾಯಿ ಅಂಗಡಿ ತೆಗೆದರು. ಆ ಹೆಸರಿನ ಅಂಗಡಿಗಳು ಊರೂರಿನಲ್ಲಿ ಬೆಳೆದವು, ಜನ ಅವರನ್ನು ಟಾಫಿ ಬಾಬ್ ಅಂತಲೇ ಕರೆದರು. ನ್ಯೂಕ್ಯಾಸಲ್, ರೇಂಜರ್ಸ್ ಸೇರಿ ದುಡ್ಡಿಗೆ ಆಡಿ, ಮತ್ತೆ ಕ್ವೀನ್ಸ್ ಪಾರ್ಕ್‌ಗೆ ಹಿಂತಿರುಗಿ ಬಂದು ಸಂಬಳ ಇಲ್ಲದೆ ಆಡಿದರು. ಹೊರಗೆ ಹೋಗಿ ದುಡ್ಡು ತೆಗೆದುಕೊಂಡವರನ್ನು ಆ ಕ್ಲಬ್ಬು ವಾಪಸ್ ಸೇರಿಸಿಕೊಂಡದ್ದು ಬಹಳ ಅಪರೂಪ.

ಮೊದಲ ಪುಟದ ಕೊನೆಯಲ್ಲಿ ಬಾಬ್ ಗಿಲ್ಲೆಸ್ಪಿ ಇದ್ದಾರೆ. 1933ರ ಏಪ್ರಿಲ್ 1ರಂದು ಹ್ಯಾಂಪ್ಡನ್‌ನಲ್ಲಿ, 1,34,000ಕ್ಕೂ ಹೆಚ್ಚು ಜನರ ಎದುರು, ಸಂಬಳವಿಲ್ಲದ ಆಟಗಾರರೊಬ್ಬರು ಸ್ಕಾಟ್ಲೆಂಡಿನ ನಾಯಕರಾಗಿ ಇಂಗ್ಲೆಂಡನ್ನು 2-1ರಿಂದ ಸೋಲಿಸಿದರು.

ಎರಡನೇ ಪುಟದ ಹೆಸರುಗಳು ಎಲ್ಲರಿಗೂ ಪರಿಚಿತ. 1928ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮೇಲೆ 5-1 ಗೆದ್ದ ತಂಡದ ಗೋಲ್‌ಕೀಪರ್ ಜ್ಯಾಕ್ ಹಾರ್ಕ್‌ನೆಸ್ ಆಗ ಕ್ವೀನ್ಸ್ ಪಾರ್ಕ್‌ನಲ್ಲೇ ಇದ್ದರು, ಅವರು ಮೊದಲ ಪುಟಕ್ಕೆ ಹೋಗುತ್ತಾರೆ. ಅದೇ ಪಂದ್ಯದಲ್ಲಿ ಎಡಗಡೆ ವಿಂಗ್ ಆಡಿದ ಆಲನ್ ಮಾರ್ಟನ್ ಅಷ್ಟರಲ್ಲಿ ರೇಂಜರ್ಸ್‌ನವರು, ಆದರೆ 1920ರವರೆಗೆ ಇಲ್ಲೇ ಆಡಿದವರು. ರಾನಿ ಸಿಂಪ್ಸನ್ 14ನೇ ವಯಸ್ಸಿಗೆ ಈ ಕ್ಲಬ್ಬಿನ ಗೋಲ್ ಕಾಯ್ದರು. ದೇಶಕ್ಕೆ ಮೊದಲು ಆಡಿದ್ದು 36ನೇ ವಯಸ್ಸಿಗೆ, 1967ರಲ್ಲಿ, ವಿಶ್ವ ಚಾಂಪಿಯನ್ ಇಂಗ್ಲೆಂಡನ್ನು ವೆಂಬ್ಲಿಯಲ್ಲೇ 3-2ರಿಂದ ಸೋಲಿಸಿದ ದಿನ. ಆಂಡಿ ರಾಬರ್ಟ್‌ಸನ್ 2012-13ರಲ್ಲಿ ಇಲ್ಲಿ ಆಡಿ, ಹ್ಯಾಂಪ್ಡನ್‌ನಲ್ಲಿ ಟಿಕೆಟ್‌ಗೆ ಬರುವ ಫೋನ್ ಎತ್ತುವ ಕೆಲಸವನ್ನೂ ಮಾಡಿ, 2018ರಲ್ಲಿ ಸ್ಕಾಟ್ಲೆಂಡಿನ ನಾಯಕರಾದರು. ಪಟ್ಟಿ ಮುಗಿಯಿತು ಅಂದುಕೊಳ್ಳುವ ಹಾಗೂ ಇಲ್ಲ. ಸ್ಕಾಟ್ಲೆಂಡ್ ತಂಡದ 1967ರ ವಿದೇಶ ಪ್ರವಾಸದ ಪಂದ್ಯಗಳನ್ನು 2021ರಲ್ಲಿ ಅಧಿಕೃತ ಅಂತ ಒಪ್ಪಿಕೊಂಡರು. ಆ ಪ್ರವಾಸದಲ್ಲಿ ಆಡಿದ್ದ ಅಲೆಕ್ಸ್ ಫರ್ಗುಸನ್‌ಗೆ ಐವತ್ತು ವರ್ಷದ ಮೇಲೆ ಕ್ಯಾಪ್ ಸಿಕ್ಕಿತು. ಅವರ ಮೊದಲ ಕ್ಲಬ್ಬು ಕ್ವೀನ್ಸ್ ಪಾರ್ಕ್, ಎರಡನೇ ಪುಟಕ್ಕೆ ಖುಷಿಯಿಂದ ಸೇರಿಸಿದೆ.

ಬರೆದು ಇಟ್ಟುಕೊಂಡರೆ ಯಾರಿಗೂ ಉಪಯೋಗವಿಲ್ಲ. ಸ್ನೇಹಿತರು, ಊರಿನಿಂದ ಬಂದವರು ಯಾರಾದರೂ ಸಿಕ್ಕರೆ ಕ್ಲಬ್ಬು ಒಂದಾದ ಮೇಲೆ ಒಂದರಂತೆ ಆಡಿದ, ಒಂದೇ ಹೆಸರಿನ ಮೂರು ಹ್ಯಾಂಪ್ಡನ್ ಮೈದಾನಗಳನ್ನು ನಡೆಸಿಕೊಂಡು ಹೋಗಿ ತೋರಿಸುತ್ತೇನೆ. ಮೊದಲನೆಯದು ಕ್ರಾಸ್‌ಹಿಲ್‌ನಲ್ಲಿ, ಅಲ್ಲೀಗ ಬೌಲಿಂಗ್ ಕ್ಲಬ್ಬಿದೆ. ರೈಲು ಹಾದಿ ಬಂದದ್ದಕ್ಕೆ ಆ ಮೈದಾನ ಬಿಡಬೇಕಾಯಿತು. ಅಲ್ಲಿಯ ಗೋಡೆಯ ಮೇಲೆ 1882ರ 5-1 ಪಂದ್ಯದ ದೊಡ್ಡ ಚಿತ್ರ ಬರೆದಿದ್ದಾರೆ, ವಾಟ್ಸನ್ ಆಡಿದ್ದು ಆ ನೆಲದ ಮೇಲೆ. ಎರಡನೆಯದು ಕ್ಯಾತ್ಕಿನ್ ಪಾರ್ಕ್. ಆಮೇಲೆ ಅಲ್ಲಿ ಥರ್ಡ್ ಲ್ಯಾನಾರ್ಕ್ ಕ್ಲಬ್ಬು ಆಡುತ್ತಿತ್ತು, 1967ರಲ್ಲಿ ಆ ಕ್ಲಬ್ಬೇ ಮುಳುಗಿತು. ಜನ ನಿಲ್ಲುತ್ತಿದ್ದ ಮೆಟ್ಟಿಲುಗಳು ಮರಗಳ ನಡುವೆ ಹಾಗೇ ಇವೆ. ಮೂರನೆಯದು 1903ರ ಈಗಿನ ಹ್ಯಾಂಪ್ಡನ್, ಒಳಗೆ ಫುಟ್‌ಬಾಲ್ ಮ್ಯೂಸಿಯಂ. ಒಂದೊಂದು ಜಾಗದಲ್ಲಿ ನಿಂತು ಅಲ್ಲಿ ಆಡಿದ ಒಬ್ಬಿಬ್ಬರ ಬಗ್ಗೆ ಮಾತ್ರ ಹೇಳುತ್ತೇನೆ. ಹತ್ತು ಹೆಸರು ಹೇಳಿದರೆ ಯಾರಿಗೂ ನೆನಪಿರುವುದಿಲ್ಲ.

ಈಗ ಮೂರನೇ ಪುಟ ಶುರು ಮಾಡಿದ್ದೇನೆ, ದೇಶದ ಮುಖ್ಯ ತಂಡಕ್ಕೆ ಆಡದೆ ಅಮೆಚೂರ್, ಅಂದರೆ ಸಂಬಳವಿಲ್ಲದ ಆಟಗಾರರ ತಂಡಕ್ಕೆ, ಒಲಿಂಪಿಕ್ಸ್‌ಗೆ ಆಡಿದವರದ್ದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮ್ಯಾಟ್ ಬಸ್ಬಿ ತರಬೇತಿ ಕೊಟ್ಟ ಬ್ರಿಟನ್ ತಂಡದಲ್ಲಿ ಕ್ವೀನ್ಸ್ ಪಾರ್ಕ್‌ನ ಹಲವರಿದ್ದರು, 17 ವರ್ಷದ ಸಿಂಪ್ಸನ್ ಕೂಡ. ಆ ಕೂಟದಲ್ಲೇ ಇಂಡಿಯಾ ಫ್ರಾನ್ಸ್ ಎದುರು ಎರಡು ಪೆನಾಲ್ಟಿ ಕಳೆದುಕೊಂಡು 2-1ರಿಂದ ಸೋತಿತು. ನಮ್ಮ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮುಂದಿನ ಸುತ್ತಿನಲ್ಲಿ ಫ್ರಾನ್ಸನ್ನು 1-0ರಿಂದ ಸೋಲಿಸಿದ್ದು ಇದೇ ಬ್ರಿಟನ್ ತಂಡ. ನಾವು ಗೆದ್ದಿದ್ದರೆ ರಾಮನ್ ಮತ್ತು ಕ್ವೀನ್ಸ್ ಪಾರ್ಕ್ ಹುಡುಗರು ಎದುರುಬದುರು ಆಗುತ್ತಿದ್ದರು. ರಾಮನ್ ಮತ್ತು ಆ ತಂಡದ ಬೆಂಗಳೂರು ಆಟಗಾರರ ಹಳೇ ಫೋಟೋ, ಪತ್ರಿಕೆ ತುಣುಕು ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಎಸೆಯಬೇಡಿ, ಹಿಂದುಗಡೆ ಹೆಸರು ಮತ್ತು ವರ್ಷ ಬರೆದಿಡಿ.